ಬೂಟಿನ ಸದ್ದು ಕೇಳಿದಾಗ

ಯುರೋಪಿನಲ್ಲಿ ಮಹಾಯುದ್ಧ ಶುರುವಾದ ವರ್ಷ ನಾನು ಬೆಂಗಳೂರಿನ ಜೈಲೊಂದರಲ್ಲಿ ಜಮಖಾನ ನೇಯ್ಗೆಯ ಮೇಷ್ಟ್ರಾಗಿದ್ದೆ. ಬಿಡುಗಡೆ ಹತ್ತಿರವಾದ ಕೈದಿಗಳಿಗೆ ಮಗ್ಗದ ಜೊತೆಗೆ ಹೊರಗಿನ ಬದುಕನ್ನೂ ಕಲಿಸುವ ಕೆಲಸ ನನ್ನ ತಲೆಗೇ ಬಂದಿತ್ತು. ಕೆಲಸ ಕೇಳುವಾಗ ಮುಖ ನೋಡಿ ಮಾತಾಡುವುದು, ಧಣಿ ರೇಗಿದರೂ ತಾಳಿಕೊಳ್ಳುವುದು, ಬೀದಿಗೆ ಹೊಸದಾಗಿ ಬಂದಿದ್ದ ವಿದ್ಯುತ್ ದೀಪ ಕಂಡು ಬೆಚ್ಚದಿರುವುದು, ಇಂಥವು. ಇದಕ್ಕೆ ಪಠ್ಯಪುಸ್ತಕವೇನೂ ಇರಲಿಲ್ಲ, ನನಗೆ ತೋಚಿದ್ದೇ ಪಾಠ.

ಶಿಷ್ಯರಲ್ಲಿ ತಿಮ್ಮಯ್ಯ ಬಲು ಚುರುಕು. ಜಗಳವೊಂದರಲ್ಲಿ ಅವನು ತಳ್ಳಿದ ಮನುಷ್ಯ ಬಿದ್ದು ಸತ್ತಿದ್ದ. ಹತ್ತು ವರ್ಷ ಒಳಗಿದ್ದು ಹೊರಬಂದವನಿಗೆ ಬಳೇಪೇಟೆಯಲ್ಲಿ ಮಗ್ಗದ ಕೆಲಸ ಸಿಕ್ಕಿತು. ಹೆಂಡತಿ ತೀರಿಹೋಗಿದ್ದಳು. ಅಜ್ಜಿಯ ಬಳಿ ಬೆಳೆದಿದ್ದ ಮಗಳು ಗೌರಿಯನ್ನು ಕರೆತಂದು ಚಾಮರಾಜಪೇಟೆಯಲ್ಲಿ ಸಣ್ಣ ಮನೆ ಹಿಡಿದ.

ಮರುವರ್ಷ ಗೌರಿಗೆ ಒಳ್ಳೆಯ ಸಂಬಂಧ ಕೂಡಿಬಂತು. "ಇವಳೊಬ್ಬಳನ್ನ ದಡ ಸೇರಿಸಿಬಿಟ್ರೆ ಸಾಕು ಮೇಷ್ಟ್ರೇ, ನೀವು ಬಂದು ಪಕ್ಕದಲ್ಲಿ ಕೂತ್ಕೊಳ್ಳಿ" ಎಂದು ಗೋಗರೆದ. ಇಷ್ಟು ವರ್ಷ ಕೋಲಾರದ ಗಣಿಯಲ್ಲಿದ್ದೆ ಎಂದು ಗಂಡಿನವರಿಗೆ ಹೇಳಿದ್ದನಂತೆ. ಆ ಸುಳ್ಳು ನನಗೆ ಹಿಡಿಸಲಿಲ್ಲ, ಆದರೂ ಹೋದೆ.

ಹುಡುಗಿ ಎಲ್ಲರಿಗೂ ಒಪ್ಪಿಗೆಯಾದಳು. ತಾಂಬೂಲ ಬದಲಾಯಿಸಲು ತಿಮ್ಮಯ್ಯ ತಟ್ಟೆ ಹಿಡಿದು ನಿಂತಿದ್ದ. ಅಷ್ಟರಲ್ಲಿ ಹುಡುಗನ ಸೋದರಮಾವ ಬಂದರು. ಅವರು ಪೊಲೀಸ್ ದಫೇದಾರರು, ಡ್ಯೂಟಿಯಿಂದ ನೇರವಾಗಿ ಬಂದವರು. ಕಲ್ಲಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ತಿಮ್ಮಯ್ಯ ತಟ್ಟೆಯನ್ನು ನೆಲಕ್ಕಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಮಂಡಿಯ ಮೇಲೆ ಅಂಗೈ ಇಟ್ಟು ತಲೆ ತಗ್ಗಿಸಿದ. ಜೈಲಿನಲ್ಲಿ ಬೂಟಿನ ಸದ್ದು ಕೇಳಿದೊಡನೆ ಪ್ರತಿಯೊಬ್ಬ ಕೈದಿಯೂ ಹೀಗೇ ಕೂರಬೇಕಿತ್ತು.

ದಫೇದಾರರು ಗದರಲೂ ಇಲ್ಲ. ಮೆಲ್ಲಗೆ, "ಯಾವ ಜೈಲಲ್ಲಿದ್ದೆಯಯ್ಯಾ?" ಎಂದರು.

ಗೌರಿ ಒಳಗಿನಿಂದ ಬಂದು ಅಪ್ಪನ ರಟ್ಟೆ ಹಿಡಿದಳು.

"ಏಳಪ್ಪಾ. ಇದು ನಮ್ಮನೆ."

ಅವನು ಏಳುವ ಮುಂಚೆ ಅಪ್ಪಣೆಗಾಗಿ ದಫೇದಾರರ ಮುಖ ನೋಡಿದ. ಅದನ್ನು ಕಂಡು ನನಗೆ ಅಳು ತಡೆಯಲಾಗಲಿಲ್ಲ.

ಗಂಡಿನವರು ತಾಂಬೂಲ ಮುಟ್ಟದೆ ಹೊರಟುಹೋದರು. ಸುಳ್ಳು ನಂಬಿ ಮೋಸಹೋದವರನ್ನು ದೂರುವುದು ಹೇಗೆ? ಸುದ್ದಿ ಬೀದಿಗೆಲ್ಲ ಹಬ್ಬಿ, ಆಮೇಲೆ ಬಂದ ಸಂಬಂಧಗಳೂ ಮುರಿದವು. ಗೌರಿ ಅಪ್ಪನ ಜೊತೆ ಮಗ್ಗಕ್ಕೆ ಕೂತಳು.

ಅಂದಿನಿಂದ ನಾನು ಒಂದು ಹೊಸ ಪಾಠ ಸೇರಿಸಿದೆ. ಕೈದಿಗಳನ್ನು ಬೆಂಚಿನ ಮೇಲೆ ಕೂರಿಸಿ, ಬೂಟು ಹಾಕಿಕೊಂಡು ಎದುರಿಗೆ ಓಡಾಡುತ್ತಿದ್ದೆ. ಕೂತವರು ಕೂತೇ ಇರಬೇಕು. ಮೊದಲ ದಿನಗಳಲ್ಲಿ ಎಲ್ಲರೂ ನೆಲಕ್ಕಿಳಿಯುತ್ತಿದ್ದರು. "ಏಳಿ" ಎಂದರೆ ತಟ್ಟನೆ ಏಳುತ್ತಿದ್ದರು, ಅದೂ ಅಪ್ಪಣೆಯಾಯಿತೆಂದು. ಹೊರಗೆ ಬದುಕುವುದಕ್ಕೆ ಬೇಕಾದ ಬಹಳಷ್ಟನ್ನು ಮೇಷ್ಟ್ರು ಕಲಿಸಬಹುದು. ಆದರೆ ಗೌರಿ ಹೇಳಿದ ಆ ಮಾತನ್ನು ಹೇಳಲು ಮನೆಯವರೇ ಬೇಕು. ನನ್ನ ಬೆಂಚಿನ ಮೇಲೆ ಕೂತಿದ್ದವರಲ್ಲಿ ಎಷ್ಟೋ ಜನರಿಗೆ ಮನೆಯೇ ಇರಲಿಲ್ಲ.