ಮಿಸ್ ಮಗ್ಗದ

ಬೆಳಿಗ್ಗೆ ಅಂಗಳ ಗುಡಿಸಿದೆ, ನಲ್ಲಿ ನೀರು ಹಿಡಿದೆ, ಹುರುಳಿಕಾಳು ಬೇಯಿಸಿದೆ, ಮಹಡಿಯ ಮೇಲೆ ಕಡಲೆಕಾಯಿ ಹರವಿದೆ. ಆಮೇಲೆ ಟ್ರಂಕು ತೆಗೆದು, ಅವ್ವ ನೇಯ್ದ ರೇಷ್ಮೆ ಸೀರೆಗೆ ಗಾಳಿಯಾಡಲಿ ಎಂದು ಬಿಡಿಸಿದೆ. ನುಸಿಗುಳಿಗೆಯ ವಾಸನೆಯ ಜೊತೆ ಹಳೇ ಕಾಗದದ ವಾಸನೆಯೂ ಬಂತು. ಮಡಿಕೆಯಿಂದ ನೋಟ್‌ಬುಕ್ಕಿನ ಹಾಳೆಯೊಂದು ಜಾರಿತು. ಕೆಂಪು ಶಾಯಿಯಲ್ಲಿ ಒಂದೇ ಸಾಲು ಇಂಗ್ಲಿಷ್... ನಮ್ಮ ಇಂಗ್ಲಿಷ್ ಮೇಷ್ಟ್ರ ಅಕ್ಷರ.

ಆಗ ನಾವು ಮೊಳಕಾಲ್ಮೂರಿನಲ್ಲಿದ್ದೆವು. ಮೇಷ್ಟ್ರು ಧಾರವಾಡದ ಕಡೆಯವರು. ಅಲ್ಲಿ ಮನೆಗೊಂದು ಅಡ್ಡಹೆಸರು, ಊರಿನಿಂದಲೋ ಕಸುಬಿನಿಂದಲೋ ಬಂದದ್ದು. ನಮ್ಮಲ್ಲಿ ಅಪ್ಪನ ಹೆಸರಿನ ಮೊದಲಕ್ಷರವಷ್ಟೇ. ಇಂಗ್ಲಿಷಿನಲ್ಲಿ ಅಡ್ಡಹೆಸರಿಗೆ ಮಿಸ್ಟರ್, ಮಿಸೆಸ್ ಸೇರಿಸಿದರೆ ಗೌರವ ಎಂದು ಹೇಳಿ, ಮೊದಲ ದಿನವೇ ಒಬ್ಬೊಬ್ಬರನ್ನೂ ನಿಲ್ಲಿಸಿ ಅಡ್ಡಹೆಸರು ಕೇಳಿದರು. ಎಲ್ಲರೂ ಅಪ್ಪನ ಹೆಸರನ್ನೇ ಹೇಳಿ ಕೂತರು. ನಾನು ಹೇಳಲಿಲ್ಲ. ಅಪ್ಪ ನಮ್ಮನ್ನು ಬಿಟ್ಟು ಬಳ್ಳಾರಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಹಿಂದಿನ ಬೆಂಚಿನವಳು, “ಅವಳಪ್ಪ ಇದ್ದೂ ಇಲ್ಲ ಸಾರ್” ಅಂದಳು. ಕ್ಲಾಸು ನಕ್ಕಿತು.

ಮರುದಿನ ನಾನು ಶಾಲೆಗೆ ಹೋಗಲಿಲ್ಲ, ಅದರ ಮರುದಿನವೂ. ಅವ್ವನ ಪಕ್ಕ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿದೆ. ಓದು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಮೂರನೇ ದಿನ ಮೇಷ್ಟ್ರು ಗೋಡೆಗೆ ಸೈಕಲ್ ಒರಗಿಸಿ ಒಳಗೆ ಬಂದರು. ಮಗ್ಗ ನೋಡಿದರು.

“ಇಷ್ಟು ದೊಡ್ಡ ಮಗ್ಗ ಇಟ್ಕೊಂಡು ಹೆಸರಿಲ್ಲ ಅಂದ್ರ ಹೆಂಗ? ಮಗ್ಗದ ಅಂತ ಬರೀಲಿ.”

ಅವ್ವ ಗಾಬರಿಯಾಗಿ ಎದ್ದಳು. “ಮಗ್ಗ ನಮ್ದಲ್ಲ ಸಾರ್, ಧಣಿಗಳ್ದು. ನಾವು ಕೂಲಿಗೆ ನೇಯೋರು. ಕೇಳಿದೋರು ನಗ್ತಾರೆ.”

“ಕೈ ಯಾರವ್ರೀ? ಅವೂ ಧಣಿಗಳ್ವೇನು?”

ಅವ್ವ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ನನ್ನ ಕೈಯ ಕಂಡಿಕೆ ಕಿತ್ತುಕೊಂಡು, “ಏಳು, ಜಡೆ ಹಾಕ್ಕೊ” ಅಂದಳು.

ಅಂದು ಕ್ಲಾಸಿನಲ್ಲಿ ಅವರು ಬರೆದುಕೊಟ್ಟ ಸಾಲು ಇದು: ಮಿಸೆಸ್ ಮಗ್ಗದ ವೀವ್ಸ್ ಸಿಲ್ಕ್. ಮಿಸೆಸ್ ಮಗ್ಗದ ಅವರು ರೇಷ್ಮೆ ನೇಯುತ್ತಾರೆ. ಸಂಜೆ ಅವ್ವನಿಗೆ ಅರ್ಥ ಹೇಳಿದೆ. “ಇನ್ನೊಂದ್ಸಲ ಓದು” ಅಂದಳು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮೇಷ್ಟ್ರಿಗೆ ನಾನು ಮಿಸ್ ಮಗ್ಗದ. ಹಾಗೆ ಕರೆದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು...

ಮದುವೆಯಾಗಿ ಚಳ್ಳಕೆರೆಗೆ ಬಂದ ವರ್ಷ, ಅತ್ತೆಯ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪರಶುರಾಂಪುರದ ಬಸ್ಸಿನ ಕಿಟಕಿಯಿಂದ, “ಮಿಸ್ ಮಗ್ಗದ” ಎಂಬ ಕೂಗು. ಅವರೇ. ತಲೆ ನರೆತಿತ್ತು, ಮುಖದ ತುಂಬ ನಗು.

“ಯಾರ್ನ ಕರೀತೈತೆ ಆವಯ್ಯ?” ಅಂದರು ಅತ್ತೆ.

ಅವ್ವ ಕೂಲಿಗೆ ನೇಯುತ್ತಿದ್ದಳೆಂದು ಆ ಮನೆಯಲ್ಲಿ ನಾನು ಹೇಳಿರಲಿಲ್ಲ. “ಗೊತ್ತಿಲ್ಲತ್ತೆ” ಅಂದೆ. ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದೆ. ಅವರು ಇನ್ನೊಮ್ಮೆ ಕರೆಯಲಿಲ್ಲ. ಬಸ್ಸು ಹೋಯಿತು.

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಂಗಳಾಗಿತ್ತು. ಅವ್ವನೂ ಇಲ್ಲ, ಅತ್ತೆಯೂ ಇಲ್ಲ ಈಗ. ಮಿಸ್ ಮಗ್ಗದ ಎಂದು ಕರೆಯುವವರು ಯಾರೂ ಉಳಿದಿಲ್ಲ.

ಟ್ರಂಕಿನ ಹತ್ತಿರ ಬಂದ ಮಗಳು ಹಾಳೆ ಎತ್ತಿಕೊಂಡು ಓದಿದಳು. “ಯಾರಮ್ಮ ಈ ಮಿಸೆಸ್ ಮಗ್ಗದ?”

“ನಿಮ್ಮಜ್ಜಿ” ಅಂದೆ.

“ಅಬ್ಬ, ಏನ್ ಗತ್ತು ಐತೆ ಹೆಸರಲ್ಲಿ. ಪೂರ್ತಿ ಹೇಳು.”

ಮುದ್ದೆ, ಹುರುಳಿಕಾಳಿನ ಸಾರು, ನಂಚಿಕೊಳ್ಳಲು ಹಸಿ ಈರುಳ್ಳಿ. ಉಂಡು ಇಬ್ಬರೂ ಚಾಪೆಯ ಮೇಲೆ ಅಡ್ಡಾದೆವು. ಮೊದಲಿಂದ ಹೇಳುತ್ತಾ ಬಂದೆ. ಬಸ್‌ಸ್ಟ್ಯಾಂಡಿನ ತನಕ ಬರುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು.