ಲಗೂ ನಿಲ್ಲುವ ಟೈರು

ಹೋದ ವಾರ ನನ್ನ ಕಾರು ತೊಳೆಸಲು ಹಳಿಯಾಳ ರಸ್ತೆಯ ಸರ್ವಿಸಿಂಗ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಯಾರದೋ ಗಾಡಿಯ ಅಲ್ಯೂಮಿನಿಯಂ ಗಾಲಿಗೆ ಪಾಲಿಶ್ ಹಚ್ಚಿ ತಿಕ್ಕುತ್ತಿದ್ದರು. ಸೀಮೆಎಣ್ಣೆಯಲ್ಲಿ ಸುಣ್ಣ ಕಲೆಸಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ಮೊದಲು ಆಗುವುದು ಭಯ. ಕಾಕಾ ನೆನಪಾಗುವುದು ಆಮೇಲೆ...

ಕಾಕಾ ಎಂದರೆ ದಾಂಡೇಲಿಯಲ್ಲಿ ನಮ್ಮ ಎದುರು ಮನೆಯವರು. ಬೆಳಗಾವಿ ಕಡೆಯಿಂದ ಬಂದು, ಜೋಯಿಡಾದ ಕಾಡಿನಿಂದ ಕಾಗದದ ಕಾರ್ಖಾನೆಗೆ ಬಿದಿರಿನ ಲಾರಿ ಓಡಿಸಿಯೇ ವಯಸ್ಸು ಕಳೆದವರು. ನಿವೃತ್ತಿಯಾದ ಮೇಲೆ ಹಳೆಯದೊಂದು ಕಾರು ಕೊಂಡರು. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮನೆಯ ಹೆಣ್ಣನ್ನು ನೋಡಲು ಹೋಗುವುದಿದ್ದರೂ ಆ ಕಾರೇ. ಅದರ ಅಲ್ಯೂಮಿನಿಯಂ ಗಾಲಿಗಳೆಂದರೆ ಅವರಿಗೆ ಪ್ರಾಣ. ಪ್ರತಿ ರವಿವಾರ ಮುಂಜಾನೆ ಗೋಣಿಚೀಲ ಹಾಸಿ ಕುಳಿತು, ಮೊದಲು ಬ್ರೇಕಿನ ಕರಿ ಪುಡಿಯನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಹಳೆಯ ಬನಿಯನ್ನಿನ ತುಂಡಿಗೆ ಪಾಲಿಶ್ ತೆಗೆದುಕೊಂಡು ಒಂದೊಂದೇ ಕಡ್ಡಿಯನ್ನು ತಿಕ್ಕುತ್ತಿದ್ದರು. ತಿಕ್ಕಿದಲ್ಲೆಲ್ಲ ಬೆರಳಾಡಿಸಿ ನೋಡುವರು. ಆಮೇಲೆ ದಾರಿಯಲ್ಲಿ ಹೋಗುವವರನ್ನು ತಡೆದು, ಗಾಲಿಯ ಹೊಳಪಿನಲ್ಲಿ ಅವರವರ ಮುಖ ಹುಡುಕಲು ಹೇಳಿ, "ಮಾರಿ ಕಾಣಸ್ತೈತೇನ ನೋಡ್ರಿ" ಎನ್ನುವರು. ಕಾಕಾಗೆ ಗಾಲಿಯ ಜಂಬ ಬಹಳ ಎಂದು ನಾವು ನಗುತ್ತಿದ್ದೆವು.

ಅದಕ್ಕಿಂತ ಹೆಚ್ಚು ನಗುತ್ತಿದ್ದುದು ಅವರ ಹೆಂಡತಿ ಕಾಕುವಿನ ಬಾಯಿಗೆ. ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕುಳಿತರೆಂದರೆ ಮುಗಿಯಿತು, ಇಳಿಯುವ ತನಕ ಬಾಯಿಗೆ ಬಿಡುವಿಲ್ಲ. "ಎಮ್ಮಿ ಬಂದ್ವು ನೋಡ್ರಿ... ಎಡಕ್ಕ ತಗ್ಗು... ಆ ಸೈಕಲ್ಲಿನಂವಗ ಬುದ್ಧಿ ಇಲ್ಲ, ನಡುವ ಬರಾಕತ್ತಾನ..." ಹಿಂದೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಇಂಥ ಹೆಂಡತಿಯನ್ನು ಕಾಕಾ ಹೇಗೆ ತಾಳಿಕೊಂಡಿದ್ದಾರೆ ಎಂದು ನಮ್ಮವ್ವ ದಿನಾ ಕನಿಕರಪಡುತ್ತಿದ್ದಳು.

ಆ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹೊತ್ತಿಗೆ ಕಾರಿನ ಟೈರುಗಳು ಬೋಳಾಗಿದ್ದವು. ಹೊಸವನ್ನು ತರಲು ಕಾಕಾ ಧಾರವಾಡಕ್ಕೆ ಹೊರಟರು. ಕಾಕು ಮನೆಯಲ್ಲಿ ನವರಾತ್ರಿಯ ದೀಪ ಹಾಕಿದ್ದರು. ಹಬ್ಬ ಮುಗಿಯುವ ತನಕ ಅದು ಆರಬಾರದು, ಬಿಟ್ಟು ಕದಲುವಂತಿಲ್ಲ. ನನಗೆ ಅಲ್ಲಿ ಸೀರೆ ಕೊಳ್ಳುವುದಿತ್ತು. ನಾನೂ ಬರುತ್ತೇನೆ ಎಂದಾಗ ಕಾಕು ಬಾಗಿಲ ತನಕ ಓಡಿಬಂದು ನನ್ನ ರಟ್ಟೆ ಹಿಡಿದರು. "ಮುಂದ ಕುಂದರು. ಸುಮ್ನ ಕುಂದರಬ್ಯಾಡ ನೋಡವಾ, ರಸ್ತೆದಾಗ ಏನ್ ಕಂಡ್ರೂ ಹೇಳ್ಕೋತ ಹೋಗು. ಇಲ್ಲಂದ್ರ ಅವರಿಗೆ ನಿದ್ದಿ ಬರ್ತೈತಿ." ರಟ್ಟೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಹೋಗುವಾಗ ಬಿಸಿಲಿತ್ತು. ವರ್ಷಗಟ್ಟಲೆ ಓಡಾಡಿ ಬಾಯಿಪಾಠವಾದ ರಸ್ತೆ, ಕಾಕಾ ಆರಾಮವಾಗಿ ಓಡಿಸಿದರು. ನಾನೂ ಬಾಯಿಗೆ ಬಂದದ್ದು ಹರಟಿದೆ.

ಟೈರಿನ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಗಟ್ಟಿ ರಬ್ಬರಿನದು, ಬಹಳ ಕಾಲ ಬಾಳುವಂಥದ್ದು. ಇನ್ನೊಂದು ಜೋರಾಗಿ ಓಡುವ ಕಾರುಗಳಿಗೆಂದೇ ಮಾಡಿದ್ದು. ಮೆತ್ತನೆಯ ರಬ್ಬರು, ನೀರು ಹರಿದುಹೋಗಲು ಆಳವಾದ ಗೆರೆಗಳು, ಬೇಗ ಸವೆಯುತ್ತದೆ. ಕಾಕಾ ಎರಡನ್ನೂ ಹೆಬ್ಬೆರಳಿನಿಂದ ಒತ್ತಿದರು, ಗೆರೆಯೊಳಗೆ ಉಗುರು ಇಳಿಸಿ ನೋಡಿದರು.

"ನಿಮ್ಮ ವಯಸ್ಸಿಗೆ ಮೊದಲನೇದ ಸಾಕ್ರಿ ಅಜ್ಜಾರ. ಎರಡನೇದು ಹುಡುಗರು ಒಯ್ತಾರ," ಎಂದರು ಅಂಗಡಿಯವರು.

"ಎಷ್ಟ ವರ್ಷ ಬಾಳತಾವ ಅನ್ನೂದ ಬಿಡ್ರಿ. ಮಳ್ಯಾಗ ಬ್ರೇಕ್ ಒತ್ತಿದ್ರ ಯಾವ್ದು ಲಗೂ ನಿಲ್ತೈತಿ? ಅದನ್ನ ಹಾಕ್ರಿ."

ನಾಲ್ಕು ಗಾಲಿಗೂ ಬೇಗ ನಿಲ್ಲುವ ಆ ಮೆತ್ತನೆಯ ರಬ್ಬರಿನದನ್ನೇ ಹಾಕಿಸಿದರು. ಹೊಸ ಟೈರಿನ ಮೇಲಿನ ಜಿಡ್ಡು ಹೋಗುವ ತನಕ ಸ್ವಲ್ಪ ನಿಧಾನ ಓಡಿಸಿ ಎಂದು ಅಂಗಡಿಯವರು ಹೇಳಿ ಕಳಿಸಿದರು.

ಹಳಿಯಾಳ ದಾಟುವಾಗ ಮಳೆ ಹಿಡಿಯಿತು. ಬೆಳಕು ಕಂದಿತು. ಹಗಲೆಲ್ಲ ತಿರುಗಿ ದಣಿದಿದ್ದ ನಾನು ಮಾತು ಮರೆತು ಸೀರೆಯ ಸೆರಗನ್ನು ಬಿಚ್ಚಿ ನೋಡುತ್ತಿದ್ದೆ. ಕಾಕಾ ಏನೋ ಗುನುಗುತ್ತಿದ್ದರು. ತಲೆ ಎತ್ತಿದರೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಗಾಲಿ ಒಡೆದು ನಡುರಸ್ತೆಯಲ್ಲೇ ನಿಂತಿದೆ. ಹಿಂದೆ ದೀಪವಿಲ್ಲ. ಆದರೂ ಕಾಣದಷ್ಟು ಕತ್ತಲೇನೂ ಇರಲಿಲ್ಲ. ಕಾಕಾ ವೇಗ ಇಳಿಸಲಿಲ್ಲ. ಗುನುಗುವುದನ್ನೂ ನಿಲ್ಲಿಸಲಿಲ್ಲ.

"ಕಾಕಾ! ಟ್ರ್ಯಾಕ್ಟರ್ ಐತಿ! ನಿಲ್ಲಸ್ರೀ!"

ಒತ್ತಿದರು. ಇಲ್ಲದ ಬ್ರೇಕನ್ನು ನಾನೂ ಒತ್ತಿದೆ. ಟೈರುಗಳು ರಸ್ತೆಯನ್ನು ಕಚ್ಚಿ ಹಿಡಿದವು, ಕಾರು ಒಂದಿಷ್ಟೂ ಜಾರದೆ ನಿಂತಿತು. ಕಬ್ಬಿನ ಗರಿಗಳು ಬಾನೆಟ್ಟಿನ ಮೇಲೆ ಹರಡಿ ಮುಂದಿನ ಗಾಜಿಗೆ ತಾಗಿದ್ದವು.

ಆಗ ಕಾಕಾ ಮೆಲ್ಲಗೆ ಕೇಳಿದರು. "ಎಷ್ಟ ದೂರ ಐತವಾ?"

ಗಾಜಿಗೆ ತಾಗಿದ್ದ ಗರಿಯನ್ನು ನೋಡುತ್ತಾ ಕುಳಿತೆ. ಬೆರಳಾಡಿಸುವುದು, ಮಾರಿ ಕಾಣುತ್ತದೇನು ಎಂದು ಕೇಳುವುದು, ಕಾಕುವಿನ ಮುಗಿಯದ ಬಾಯಿ, ಎಲ್ಲ ಒಮ್ಮೆಗೇ ತಿಳಿಯಿತು. ನನಗಾಗ ಕಾರು ಓಡಿಸಲು ಬರುತ್ತಿರಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಮುಂದೆಲ್ಲ ಕಾಡು.

"ಕತ್ತಲಾಗೂದ್ರಾಗ ಮನಿ ಮುಟ್ಟೂಣು. ನೀ ಹೇಳ್ಕೋತ ಬಾ," ಎಂದರು.

ಹೇಳುತ್ತಾ ಬಂದೆ. ತಿರುವು, ಸೇತುವೆ, ಎದುರಿನ ಬಸ್ಸು, ರಸ್ತೆ ದಾಟುವ ನಾಯಿ... ಗಂಟಲು ಕಟ್ಟಿಹೋಗುವ ತನಕ ಹೇಳಿದೆ. ದಾಂಡೇಲಿಯ ದೀಪಗಳು ಕಂಡಾಗ ಅಳು ಬಂತು, ಅತ್ತರೆ ರಸ್ತೆ ಕಾಣದೇ ಹೋದೀತೆಂದು ತಡೆದುಕೊಂಡೆ.

ಗೇಟಿನಲ್ಲೇ ನಿಂತಿದ್ದ ಕಾಕು ನನ್ನ ಮುಖ ನೋಡಿದವರೇ ಒಳಗೆ ಕರೆದುಕೊಂಡು ಹೋದರು. ಟ್ರ್ಯಾಕ್ಟರಿನ ವಿಷಯ ಹೇಳಿದೆ. ದೀಪಕ್ಕೆ ಎಣ್ಣೆ ಹಾಕುತ್ತಲೇ ಅಂದರು, "ಕಣ್ಣಿನ ನರಾ ಒಣಗ್ಯಾವಂತ. ಡಾಕ್ಟರು ಇನ್ನ ಆಗೂದಿಲ್ಲ ಅಂದಾರ. ಗಾಡಿ ಬಿಡಸಿದ್ರ ಈ ಮನಷ್ಯಾ ಉಳಿಯೂದಿಲ್ಲ ತಂಗಿ. ಯಾರ ಮುಂದೂ ಬಾಯಿ ಬಿಡಬ್ಯಾಡ, ನಿನ್ನ ಕಾಲ ಬೀಳ್ತೇನಿ."

ಖಂಡೇಪೂಜೆಯ ದಿನ ಇಡೀ ಓಣಿ ಕಾರಿನ ಸುತ್ತ ನೆರೆದಿತ್ತು. ಗಾಲಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಪೂಜೆಯಾದ ಮೇಲೆ ಓಣಿಯ ಮಕ್ಕಳನ್ನೆಲ್ಲ ಊರಾಚೆಯ ಕುಳಗಿಯ ತನಕ ಒಂದು ಸುತ್ತು ಹಾಕಿಸಿ ತರುವುದು ಕಾಕಾ ನಡೆಸಿಕೊಂಡು ಬಂದ ಪದ್ಧತಿ. ಗಾಲಿಗಳ ಕೆಳಗಿನ ನಿಂಬೆಹಣ್ಣು ಚಚ್ಚಿ ಕಾರು ಒಂದು ಗೇಣು ಮುಂದೆ ಬಂತು. ಮಕ್ಕಳು ಕಿರುಚುತ್ತಾ ಒಳಗೆ ನುಗ್ಗಿ ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತರು. ನನ್ನ ಅಣ್ಣನ ಮಗಳೂ ಇದ್ದಳು. ಆರತಿಯ ತಟ್ಟೆ ಹಿಡಿದಿದ್ದ ಕಾಕು ನನ್ನನ್ನೇ ನೋಡುತ್ತಿದ್ದರು. ನನಗೆ ಕೈ ಮುಗಿದು ಬೇಡುವುದೊಂದು ಬಾಕಿ.

ಹೋಗಿ ಹಿಂದಿನ ಬಾಗಿಲು ತೆಗೆದೆ. "ಎಲ್ಲಾರೂ ಇಳೀರಿ. ಹೊಸಾ ಟೈರ್ ಮೊದಲಿಗೆ ಜಾರ್ತಾವಂತ. ಮಂದೀನ ಹೇರಬ್ಯಾಡ್ರಿ ಅಂತ ಅಂಗಡಿಯವರು ಹೇಳ್ಯಾರ. ಹೌದಿಲ್ರಿ ಕಾಕಾ?"

"ಹೊಸಾ ಟೈರ್ ಎಲ್ಲೆರೆ ಜಾರ್ತಾವೇನ?" ಎಂದು ಯಾರೋ ನಕ್ಕರು. ಮಕ್ಕಳು ಅಳಲು ಶುರುಮಾಡಿದರು. ಕಾಕಾ ಸ್ಟೇರಿಂಗ್ ಹಿಡಿದು ನೇರ ಮುಂದಕ್ಕೆ ನೋಡುತ್ತಾ ಕುಳಿತಿದ್ದರು. ಅವರು ಇಲ್ಲ ಎಂದಿದ್ದರೆ ನಾನು ಎಲ್ಲರೆದುರು ನಿಜ ಹೇಳಿಬಿಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

"ಹೌದು," ಎಂದರು ಕೊನೆಗೆ. "ಹೇಳ್ಯಾರ." ಕೀಲಿ ತಿರುವಿ ಎಂಜಿನ್ ಆರಿಸಿದರು.

ಆಮೇಲೆ ಅವರು ಕಾರು ಓಡಿಸಲಿಲ್ಲ. ಪ್ರತಿ ರವಿವಾರ ಗಾಲಿ ತಿಕ್ಕುವುದನ್ನು ಮಾತ್ರ ಬಿಡಲಿಲ್ಲ. ಯಾರಾದರೂ ಕೇಳಿದರೆ "ಟೈರ್ ಇನ್ನೂ ಹೊಸಾ ಅದಾವು" ಎನ್ನುವರು. ವರ್ಷಗಳು ಉರುಳಿದರೂ ಅದೇ ಉತ್ತರ. ನನ್ನ ಜೊತೆ ಊರಿನ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಆದರೆ ಗಾಲಿಯಲ್ಲಿ ಮಾರಿ ಕಾಣುತ್ತದೇನು ಎಂದು ನನ್ನನ್ನು ಮತ್ತೆ ಯಾವತ್ತೂ ಕೇಳಲಿಲ್ಲ. ನಾನು ಮಾಡಿದ್ದು ಸರಿ. ಇವತ್ತಿಗೂ ಅದನ್ನೇ ಮಾಡುತ್ತೇನೆ. ಆದರೂ ಅವರು ನನ್ನನ್ನು ಬಿಟ್ಟು ಪಕ್ಕದ ಮನೆಯವರನ್ನು ಕರೆದಾಗಲೆಲ್ಲ ನಾನು ಬಾಗಿಲಿನಿಂದ ಒಳಗೆ ಸರಿದುಬಿಡುತ್ತಿದ್ದೆ.

ಕಾಕಾ ಈಗಿಲ್ಲ. ಮೊನ್ನೆ ಮುಂಡಗೋಡದ ಕಡೆಯವರೊಬ್ಬರು ಆ ಕಾರು ಕೊಳ್ಳಲು ಬಂದಿದ್ದರು. ಕಾಕು ಜೊತೆಗಿರಲಿ ಎಂದು ನನ್ನನ್ನು ಕರೆಸಿದ್ದರು. ಬಂದವರು ಬಗ್ಗಿ ಟೈರನ್ನು ಉಗುರಿನಿಂದ ಒತ್ತಿದರು. ಹೊಸ ರಬ್ಬರಿನ ಸಣ್ಣ ಕೂದಲುಗಳು ಅಂಚಿನಲ್ಲಿ ಹಾಗೇ ಇದ್ದವು.

"ಗಾಲಿ ಭಾಳ ಚೊಲೋ ಇಟ್ಟಾರ್ರಿ. ಟೈರ್ ಒಗೀಬೇಕು. ನಿಂತಲ್ಲೇ ನಿಂತು ಕಲ್ಲಾಗ್ಯಾವ. ಇವು ಓಡೇ ಇಲ್ಲ."

"ಒಮ್ಮೆ ಓಡ್ಯಾವ," ಎಂದರು ಕಾಕು. ಆಮೇಲೆ ಬಂದವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅದ ಅವರು ಕಡೀ ಸಲಾ ಓಡಿಸಿದ್ದು. ಅವತ್ತ ಒಂದಿನಾ ನಾ ಬಾಜೂಕ ಇರಲಿಲ್ಲ ನೋಡು... ಹೆಂಗಿದ್ರು ಅವರು? ಖುಷೀಲೆ ಇದ್ರೇನು?"

"ಹಾಡ್ಕೋತ ಬಂದ್ರು ಕಾಕು," ಎಂದೆ.

ಟ್ರ್ಯಾಕ್ಟರಿನ ತನಕ ಅದು ನಿಜವೇ. ಅಲ್ಲಿಂದ ಮನೆಯ ತನಕ ನಾನು ರಸ್ತೆಯನ್ನಷ್ಟೇ ನೋಡಿದ್ದೆ, ಅವರ ಮುಖದ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.