ಕಚ್ಚುವ ನಾಯಿಯ ಮನೆಗೆ ಬರುವ ಅಕ್ಕ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಮನೆಯೊಂದರಲ್ಲಿ ಅಕ್ಕ ನಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಾರೆ. ಕರೆಯುವುದಿಲ್ಲ, ಮುಟ್ಟುವುದಿಲ್ಲ, ದಿಟ್ಟಿಸುವುದೂ ಇಲ್ಲ. ಸೋಫಾದ ಮೇಲೆ ಯಜಮಾನಿಗೆ ಅಂಟಿಕೊಂಡಿದ್ದ ನಾಯಿ ಕೆಂದ ಹತ್ತು ನಿಮಿಷದ ಮೇಲೆ ತಾನೇ ಇಳಿದು ಬಂದು ಅಕ್ಕನ ಮೊಣಕೈ ಮೂಸುತ್ತಾನೆ.

"ಐದು ವರ್ಷ ಸಾಕಿದ್ದು ನಾನು. ಮೊನ್ನೆ ಬಂದವರ ಹಿಂದೆ ಹೋದ ನೋಡಿ," ಎನ್ನುತ್ತಾರೆ ಯಜಮಾನಿ. ನಗುತ್ತಲೇ ಹೇಳಿದರೂ ದನಿಯಲ್ಲಿ ಕಿಚ್ಚಿದೆ.

ಕಚ್ಚುವ ನಾಯಿಗಳನ್ನು ತಿದ್ದುವುದು ಅಕ್ಕನ ಕಸುಬು. ಮೊದಲು ಪ್ರಾಣಿಗಳ ಆಸ್ಪತ್ರೆಯಲ್ಲಿ ಗೂಡು ತೊಳೆಯುತ್ತಿದ್ದರು. ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷ. ದಿನಕ್ಕೆ ನಾಲ್ಕು ಮನೆ, ಓಡಾಟವೆಲ್ಲ ಬಸ್ಸಿನಲ್ಲಿ. ಎರಡು ಕೈ ಸೇರಿ ಹನ್ನೊಂದು ಗಾಯದ ಗುರುತು. "ಎಲ್ಲಾ ನನ್ನ ತಪ್ಪೇ. ಅವು ಗುರ್ ಅಂದಿದ್ವು, ನಾನು ಕಿವಿಗೆ ಹಾಕ್ಕೊಂಡಿರ್ಲಿಲ್ಲ."

ಈ ಮನೆಯಲ್ಲಿ ಕಚ್ಚಿಸಿಕೊಂಡವರು ಯಜಮಾನರು, ಎರಡು ಸಲ. ಹೆಂಡತಿಯ ಪಕ್ಕ ಕೂರಲು ಹೋದಾಗಲೆಲ್ಲ ಕೆಂದ ಗುರ್ ಎನ್ನುತ್ತಿದ್ದ. ಇವರು ಪೇಪರ್ ಸುರುಳಿ ಸುತ್ತಿ ಮೂತಿಗೆ ಹೊಡೆಯುತ್ತಿದ್ದರು. ಕೊನೆಗೆ ಗುರ್ ನಿಂತಿತು, ಬಾಯಿ ಹಾಕುವುದು ಶುರುವಾಯಿತು. ಮೂರನೇ ಸಲ ಕಚ್ಚಿದರೆ ಸೂಜಿ ಚುಚ್ಚಿಸಿ ಕೊನೆಗಾಣಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

"ಗುರ್ ಅನ್ನೋದು ಅದರ ಮಾತು. ಮಾತು ನಿಲ್ಲಿಸಿದ್ರೆ ಹಲ್ಲು ಮಾತಾಡುತ್ತೆ," ಎನ್ನುತ್ತಾರೆ ಅಕ್ಕ.

ಮೊದಲ ದಿನವೇ ಅವರು ಹಾಕಿದ ಕಟ್ಟಳೆ ಎರಡೇ: ಕೆಂದ ಸೋಫಾ ಹತ್ತಬಾರದು, ತಿನ್ನುವುದೆಲ್ಲ ಯಜಮಾನರ ಕೈಯಿಂದ. ಆದರೂ ಇವತ್ತು ಸೋಫಾದ ಮೇಲಿದ್ದನಲ್ಲ? ಅಕ್ಕ ಎದ್ದು ದಿಂಬು ಸರಿಸುತ್ತಾರೆ. ಅಡಿಯಲ್ಲಿ ಬಿಸ್ಕತ್ತಿನ ಪುಡಿ.

"ಏನಮ್ಮಾ ಇದು?"

ಯಜಮಾನಿಯ ಮುಖ ಕೆಂಪಾಗುತ್ತದೆ. "ಇವರ ಕೈಯಿಂದ ತಿಂದು ಬಾಲ ಆಡಿಸ್ತಾನೆ. ನೋಡೋಕಾಗ್ಲಿಲ್ಲ. ನನ್ನವನು ಅಂತ ನನಗೂ ಒಬ್ಬ ಬೇಡ್ವಾ?"

"ಮತ್ತೆ ನಾನ್ಯಾರು?" ಎನ್ನುತ್ತಾರೆ ಯಜಮಾನರು.

"ನೀವು ಪೇಪರ್ ಓದೋರು!"

ಅಕ್ಕ ನಗುವುದಿಲ್ಲ. "ನಿಮ್ಮ ಹೊಟ್ಟೆಕಿಚ್ಚಿಗೆ ಅವನ ಜೀವ ಹೋಗುತ್ತಮ್ಮಾ."

ಯಜಮಾನಿ ಒಳಗೆ ಹೋಗಿ, ಬಿಸ್ಕತ್ತಿನ ಡಬ್ಬ ತಂದು ಗಂಡನ ಕೈಗಿಡುತ್ತಾರೆ.

ಹದಿನೈದು ದಿನದ ನಂತರ ಅದೇ ಮನೆ. ಯಜಮಾನರು ಹೆಂಡತಿಯ ಪಕ್ಕ ಕೂರಲು ಬಾಗುತ್ತಾರೆ. ಚಾಪೆಯ ಮೇಲಿನ ಕೆಂದ ಮೆಲ್ಲಗೆ ಗುರ್ ಎನ್ನುತ್ತಾನೆ. ಅವರು ತಕ್ಷಣ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಕಾಯುತ್ತಾರೆ. ಕೆಂದ ಆಕಳಿಸಿ ತಲೆ ನೆಲಕ್ಕಿಡುತ್ತಾನೆ. ಈಗ ಕೂರುತ್ತಾರೆ. ಏನೂ ಆಗುವುದಿಲ್ಲ. ಕೆಂದ ಎದ್ದು ಹೋಗಿ ಅವರ ಪಾದದ ಮೇಲೆಯೇ ಮಲಗುತ್ತಾನೆ. ಬಾಗಿಲಲ್ಲಿ ನಿಂತ ಅಕ್ಕನ ಕಡೆ ತಿರುಗಿಯೂ ನೋಡುವುದಿಲ್ಲ.

ಬೇಜಾರಾಗುವುದಿಲ್ಲವೇ, ಅಕ್ಕ?

"ಆಗದೇ ಇರುತ್ತಾ? ಹೊಟ್ಟೆ ಉರಿಯುತ್ತೆ," ಎನ್ನುತ್ತಾರೆ ಅಕ್ಕ, ಚಪ್ಪಲಿ ಮೆಟ್ಟುತ್ತಾ. "ಅದು ಉರಿದ ದಿನವೇ ಆ ಮನೆ ಕೆಲಸ ಮುಗೀತು ಅಂತ ನನ್ನ ಲೆಕ್ಕ."